ಹತ್ತು ಬಂಗುಡೆ, ಮೂರು ಬುಟ್ಟಿ

ಅಮ್ಮಾ,

ನಿನ್ನ ಮೇಲೆ ನನಗೆ ಇನ್ನೂ ಸಿಟ್ಟಿದೆ, ಮೊದಲೇ ಹೇಳಿಬಿಡುತ್ತೇನೆ. ಉತ್ತರ ಗೊತ್ತಿದ್ದೂ ಬಾಯಿಬಿಡದೆ ಹೋದೆಯಲ್ಲ, ಇದೆಂಥ ಹಟ?

ಚಿಕ್ಕವಳಿದ್ದಾಗ ನಿನ್ನ ಒಗಟು ಬಿಡಿಸಲಾಗದೆ ನಾನು ಕೊಟ್ಟ ಊರುಗಳೆಷ್ಟು! ‘ಸೋತೆ’ ಎಂದು ಒಂದು ಊರು ಕೊಟ್ಟರೆ ಮಾತ್ರ ನೀನು ಉತ್ತರ ಹೇಳುವವಳು. ಹುಲಿ, ಹಸು, ಹುಲ್ಲುಕಟ್ಟನ್ನು ದೋಣಿಯಲ್ಲಿ ದಾಟಿಸುವ ಲೆಕ್ಕಕ್ಕೆ ಕಾಡಿನ ಊರು ಕೆರಾಡಿ ಕೊಟ್ಟಿದ್ದೆ. “ಕಾಡ್ ತಕಂಡ್ ನಾನೆಂತ ಮಾಡೂದ್? ಕಡ್ಲ್ ಇಪ್ಪ ಊರ್ ಕೊಡ್” ಎಂದು ಚೌಕಾಸಿ ಮಾಡಿದ್ದೆ ನೀನು.

ಕಳೆದ ಮಳೆಗಾಲ, ದೋಣಿಗಳು ದಡ ಹತ್ತಿ ನಿನಗೆ ಮೀನು ಮಾರುವ ಕೆಲಸವಿಲ್ಲದ ದಿನ. ನಾನು ಪೇಪರಿನ ಸುಡೊಕು ತುಂಬುತ್ತಿದ್ದೆ. “ಹತ್ತ್ ಬಂಗುಡೆ, ಮೂರ್ ಬುಟ್ಟಿ. ಎಲ್ಲಾ ಬುಟ್ಟಿಯಂಗೂ ಬೆಸ ಲೆಕ್ಕ ಇರ್ಕ್. ಹ್ಯಾಂಗ್ ಹಾಕೂದ್?” ಎಂದೆ ನೀನು. ನಾನು ಹೈಸ್ಕೂಲಿನ ಗಣಿತದ ಟೀಚರಲ್ಲವೇ! ಮೂರು ಬೆಸ ಕೂಡಿದರೆ ಬೆಸವೇ, ಹತ್ತು ಬರುವುದೇ ಇಲ್ಲ ಎಂದು ಪೇಪರಿನ ಅಂಚಿನಲ್ಲಿ ಬರೆದು ತೋರಿಸಿದೆ. “ಶಾಲೆಗೆ ಹೋಗದವಳಿಗೆ ಎಂತ ಗೊತ್ತು?” ಎಂದೂ ಅಂದುಬಿಟ್ಟೆ.

ನೀನು ನಕ್ಕೆ. “ನಿನ್ನ ಪುಸ್ತಕದಂಗೆ ಇಲ್ದಿರೆ ಉತ್ತರವೇ ಇಲ್ಯಾ?”

ಆಮೇಲೆ ಬೆಳಿಗ್ಗೆ ನಾನು ಬಸ್ಸಿಗೆ ಓಡುವಾಗೆಲ್ಲ ಅದೇ ಕೂಗು: “ಹ್ವಾಯ್ ಟೀಚರ್, ಊರ್ ಕೊಡ್ತ್ಯಾ?” ಕುಂದಾಪುರದ ಆಸ್ಪತ್ರೆಯಲ್ಲೂ ಡ್ರಿಪ್ ಹಾಕಿದ ಕೈ ಎತ್ತಿ ನೀನು ಕೇಳಿದೆ. “ಸುಮ್ನೆ ಮನಿಕೋ ಅಮ್ಮ” ಎಂದೆ. ಒಂದು ಊರು ಕೊಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಮರುದಿನ ಕೊಡೋಣವೆಂದರೆ ನೀನು...

ಅಂದಿನಿಂದ ನೋಟ್‌ಬುಕ್ಕಿನ ತುಂಬಾ ಬುಟ್ಟಿಗಳನ್ನೇ ಬರೆದು ಗೀಚಿದ್ದೇನೆ. ತಲೆ ಚಿಟ್ಟು ಹಿಡಿದುಹೋಗಿದೆ. ಯಾರನ್ನು ಕೇಳಲಿ? ಕೇಳಬೇಕಾದವಳು ಒಬ್ಬಳೇ ಇದ್ದದ್ದು.

ನಿನ್ನೆ ನಿನ್ನ ಮೀನಿನ ಬುಟ್ಟಿಗಳನ್ನು ತೊಳೆದಿಡೋಣವೆಂದು ಅಟ್ಟದಿಂದ ಇಳಿಸಿದೆ. ದೊಡ್ಡದರೊಳಗೆ ಸಣ್ಣದು ಕೂತಿತ್ತು, ಮೀನು ಖಾಲಿಯಾದ ಮೇಲೆ ನೀನು ತರುತ್ತಿದ್ದ ಹಾಗೆಯೇ. ಥತ್! ಸಣ್ಣದರಲ್ಲಿ ಮೂರು ಬಂಗುಡೆ ಹಾಕಿದೆ ಎಂದುಕೊ. ಅದನ್ನು ದೊಡ್ಡದರೊಳಗಿಟ್ಟು ಸುತ್ತ ನಾಲ್ಕು ಹಾಕಿದರೆ ದೊಡ್ಡದರಲ್ಲಿ ಏಳು. ಇನ್ನೊಂದು ಬುಟ್ಟಿಯಲ್ಲಿ ಮೂರು. ಹತ್ತೂ ಮುಗಿಯಿತು! ದಿನಾ ಸಂಜೆ ಕಣ್ಣೆದುರೇ ತಲೆಯ ಮೇಲೆ ಹೊತ್ತು ತರುತ್ತಿದ್ದೆಯಲ್ಲೇ. ಬುಟ್ಟಿ ತೊಳೆಯುವುದು ಬಿಟ್ಟು ಅಲ್ಲೇ ಕೂತು ಅತ್ತೆ.

ಉತ್ತರ ಸಿಕ್ಕಿದವರು ಊರು ಕೊಡಬೇಕಾಗಿಲ್ಲ, ಗೊತ್ತು. ಆದರೆ ಇದನ್ನು ಬಿಡಿಸಿದ್ದು ನಾನಲ್ಲ, ನಿನ್ನ ಬುಟ್ಟಿ.

ಸೋತೆ, ಅಮ್ಮ. ನಮ್ಮೂರು ನಾವುಂದವನ್ನೇ ಕೊಟ್ಟೆ, ತಕೊ. ಕಡಲೂ ಇದೆ.