ನನ್ನ ಬದಲಿಗೆ ಓಗೊಟ್ಟವಳು

ಗಾಳಿತಿಂಗಳ ನಲವತ್ತೆರಡನೆಯ ದಿನ, ಇಸವಿ ೨೨೧೪
ಕರೆಮನೆ, ಕಪ್ಪತಗುಡ್ಡದ ತಪ್ಪಲು

ಒಬ್ಬೊಬ್ಬರೇ ಕೆಲಸಕ್ಕೆ ಹೋಗುವ ಹಿರಿಯರೇ,

ತಿಂಗಳಿಗೆ ನಲವತ್ತೆರಡು ದಿನವೇ ಎಂದು ನೀವು ಹುಬ್ಬೇರಿಸುತ್ತೀರೆಂದು ಗೊತ್ತು. ನಮ್ಮ ಕಡೆ ಗಾಳಿ ಬೀಸುವಷ್ಟು ದಿನವೂ ಒಂದೇ ತಿಂಗಳು, ಅದು ನಿಂತ ಮೇಲೆಯೇ ಮುಂದಿನದು. ನನ್ನ ಮಾತಿನ ನಡುವೆ ನಿಮಗೆ ಗುರುತಿಲ್ಲದ ಪದಗಳು ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಕೆಲಸದಲ್ಲಿ ಪೆಟ್ಟು ತಿಂದವರಿಗೆ ಒಂದೇ ಒಂದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಪತ್ರ, ಬರೆಯುವ ಹಕ್ಕು ಇಲ್ಲಿದೆ. ಹೆಚ್ಚಿನವರು ತಮ್ಮ ಮುತ್ತಜ್ಜಿಗೆ ಬರೆದು ಹೊಲ ಮಾರಬೇಡ ಎನ್ನುತ್ತಾರೆ. ಮುತ್ತಜ್ಜಿಯರು ಮಾರಿಯೇ ಮಾರುತ್ತಾರೆ. ಹಾಗಾಗಿ ನಾನು ನನ್ನ ಮನೆಯವರನ್ನು ಬಿಟ್ಟು ನಿಮಗೆ ಬರೆಯುತ್ತಿದ್ದೇನೆ.

ನನ್ನ ಹೆಸರು ಫಕೀರವ್ವ ಬಳಿಗಾರ. ಕಪ್ಪತಗುಡ್ಡದ ಸಾಲಿನಲ್ಲಿ ಕರೆಂಟು ಹುಟ್ಟಿಸುವ ಗಾಳಿಕಂಬಗಳನ್ನು ನೋಡಿಕೊಳ್ಳುವ ಕೆಲಸ ಮಾಡಿಕೊಂಡಿದ್ದೆ. ಒಂದು ಗುಡ್ಡಕ್ಕೆ ಒಬ್ಬರೇ ಆಳು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹತ್ತಿದರೆ ಸಂಜೆ ಇಳಿಯುವ ತನಕ ಮಾತನಾಡಲು ನವಿಲು, ತೋಳ, ಇಲ್ಲವೇ ದಾರಿ ತಪ್ಪಿದ ಕುರಿ. ಕಂಬದ ಹೊಟ್ಟೆಯೊಳಗೆ ಏಣಿಯಿರುತ್ತದೆ. ಅದನ್ನು ಹತ್ತಿ ಹೋಗಿ ಮೇಲಿನ ಗಾಲಿಗೆ ಗ್ರೀಸ್ ಹಚ್ಚಬೇಕು, ಬೋಲ್ಟು ಬಿಗಿ ಮಾಡಬೇಕು. ಯಂತ್ರಗಳು ಈ ಕೆಲಸ ಮಾಡುವುದಿಲ್ಲವೇ ಎಂದು ನೀವು ಕೇಳಬಹುದು. ಮಾಡುತ್ತವೆ. ಆಮೇಲೆ ಆ ಯಂತ್ರಗಳನ್ನು ಇಳಿಸಿ ತರಲು ನಾವು ಹತ್ತಬೇಕಾಗುತ್ತದೆ.

ಒಂಟಿ ಆಳುಗಳ ಕ್ಷೇಮಕ್ಕೆಂದು ನಮ್ಮ ಸೊಂಟದ ಪಟ್ಟಿಗೆ ಕೂಗುಬಿಲ್ಲೆ ಸಿಕ್ಕಿಸುತ್ತಿದ್ದರು. ಅಂಗೈಯಷ್ಟು ಅಗಲದ ಬಿಲ್ಲೆ. ಆಗಾಗ ಅದು ನಮ್ಮ ಹೆಸರು ಹಿಡಿದು ಕರೆಯುತ್ತದೆ. ಬಾಯಿಯ ಹತ್ತಿರ ಹಿಡಿದು ಓ ಎನ್ನಬೇಕು. ಮೂರು ಸಲ ಕರೆದರೂ ಓಗೊಡದಿದ್ದರೆ ತಪ್ಪಲಿನ ಕರೆಮನೆಯಲ್ಲಿ ಗಂಟೆ ಬಾರಿಸಿ ಜನ ಗಾಡಿ ಕಟ್ಟಿಕೊಂಡು ಗುಡ್ಡಕ್ಕೆ ಓಡಿ ಬರುತ್ತಾರೆ. ಮೊದಮೊದಲು ಆಳು ಬಿದ್ದರೆ ತಾನಾಗಿ ತಿಳಿದುಕೊಳ್ಳುವ ಗುಣವೂ ಬಿಲ್ಲೆಗಿತ್ತು. ಆದರೆ ಗಾಳಿಗೆ ಕಂಬ ಅಲುಗಾಡಿದರೂ ಅದು ಬಿದ್ದರು, ಬಿದ್ದರು ಎಂದು ಬೊಬ್ಬೆ ಹೊಡೆಯುತ್ತಿತ್ತು. ನಾವೇ ಮನವಿ ಕೊಟ್ಟು ಆ ಗುಣವನ್ನು ತೆಗೆಸಿ ಹಾಕಿದೆವು.

ಉಳಿದದ್ದು ಕರೆ ಒಂದೇ. ಅದನ್ನೂ ನಾವು ನೆಟ್ಟಗೆ ಉಳಿಸಿಕೊಳ್ಳಲಿಲ್ಲ. ಓಗೊಡಲು ಮರೆತು ಸುಳ್ಳು ಗಂಟೆ ಬಾರಿಸುವಂತೆ ಮಾಡಿ ಜನರನ್ನು ಗುಡ್ಡ ಹತ್ತಿಸಿದವರು ಬಂದವರಿಗೆಲ್ಲ ಗಿರ್ಮಿಟ್, ಮಿರ್ಚಿ ತಿನ್ನಿಸಬೇಕೆಂಬ ಪದ್ಧತಿ ಹುಟ್ಟಿಕೊಂಡಿತು. ತಿನ್ನಿಸುವುದು ದೊಡ್ಡದಲ್ಲ, ತಿನ್ನುತ್ತಾ ಅವರಾಡುವ ಮಾತು ಕೇಳಬೇಕಲ್ಲ. ನಿದ್ದೆಗಣ್ಣಿ, ಕಿವುಡಿ ಎಂಬ ಅಡ್ಡಹೆಸರು ಮೊಮ್ಮಕ್ಕಳವರೆಗೆ ನಡೆಯುತ್ತಿತ್ತು. ಆ ನಾಚಿಕೆ ತಪ್ಪಿಸಲು ನಾವು ಕಂಡುಕೊಂಡದ್ದು ಮುಯ್ಯಿ ಓ. ಹೊಲದಲ್ಲಿ ಇವತ್ತು ನಾನು ನಿನಗೆ ದುಡಿದರೆ ನಾಳೆ ನೀನು ನನಗೆ ದುಡಿಯುವುದಿಲ್ಲವೇ, ಹಾಗೆ. ಎದುರುಬದುರಿನ ಗುಡ್ಡದವರ ಬಿಲ್ಲೆಗಳು ಜೋಡಿಯಾಗಿರುತ್ತವೆ. ಒಬ್ಬರನ್ನು ಕರೆದರೆ ಇಬ್ಬರಿಗೂ ಕೇಳಿಸುತ್ತದೆ, ಯಾರು ಓ ಎಂದರೂ ಬಿಲ್ಲೆ ಒಪ್ಪುತ್ತದೆ. ಜೊತೆಗಾರರನ್ನು ಕಣ್ಣಾರೆ ಕಂಡಿದ್ದರೆ ಮಾತ್ರ ಅವರ ಪರವಾಗಿ ಓಗೊಡಬೇಕೆಂದು ನಿಯಮವಿತ್ತು. ಅದು ಯಾರಿಗೂ ನೆನಪಿರಲಿಲ್ಲ.

ನನ್ನ ಜೋಡಿ ಹುಸೇನಬಿ. ಮನಸ್ಸು ಬೆಣ್ಣೆ, ನಾಲಿಗೆ ಮಾತ್ರ ಹಸಿಮೆಣಸಿನಕಾಯಿ. ಉಂಡ ಮೇಲೆ ನನಗೊಂದು ಜೊಂಪು ಬೇಕು, ಆ ಹೊತ್ತು ಅವಳು ನನ್ನ ಓ ಎನ್ನುತ್ತಿದ್ದಳು. ಅವಳು ಕಾರೆಹಣ್ಣು ಹುಡುಕಿಕೊಂಡು ಹೋದಾಗ ಅವಳದ್ದು ನಾನು ಎನ್ನುತ್ತಿದ್ದೆ. ಎದ್ದ ಕೂಡಲೇ ಬಿಲ್ಲೆಯಲ್ಲಿ ಎದ್ದೆ ಎಂದು ಹೇಳುವುದು ನಮ್ಮ ವಾಡಿಕೆ. ಆ ದಿನ ಅವಳ ಅಕ್ಕನ ಮಗಳ ಮದುವೆ ನಿಶ್ಚಯವಿತ್ತು. ನನ್ನ ಜೊಂಪು ಮುಗಿದ ಮೇಲೆ ಅವಳು ಬೇಗ ಇಳಿದು ಹೋಗುವುದು, ಸಂಜೆಯವರೆಗೆ ನಾನು ಅವಳ ಬದಲು ಓಗೊಡುವುದು ಎಂದು ಮಾತಾಗಿತ್ತು. ಹೊಸ ಸೀರೆಯನ್ನು ಬುತ್ತಿಚೀಲದಲ್ಲೇ ತಂದಿದ್ದಳು.

ನಾನು ಅಂದು ಮಲಗಲಿಲ್ಲ, ಅದನ್ನು ಅವಳಿಗೆ ಹೇಳಲೂ ಇಲ್ಲ. ಅವಳು ನೆಮ್ಮದಿಯಿಂದ ಹೋಗಲಿ, ಮೇಲಿನ ಕೆಲಸ ಮೊದಲೇ ಮುಗಿಸಿಬಿಡೋಣ ಎಂದು ಊಟವಾದ ಕೂಡಲೇ ಏಣಿ ಹತ್ತಿದೆ. ಗ್ರೀಸ್ ಮೆತ್ತಿದ್ದ ಮೆಟ್ಟಿಲ ಮೇಲೆ ಕಾಲು ಜಾರಿತು. ನಡುವಿನ ಜಾಲರಿ ಅಟ್ಟದ ಮೇಲೆ ಬಿದ್ದೆ. ತೊಡೆಯ ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಸೊಂಟದ ಪಟ್ಟಿ ಹರಿದು ಬಿಲ್ಲೆ ಅಟ್ಟದ ಸಂದಿನಿಂದ ಕೆಳಗಿನ ಮೆಟ್ಟಿಲಿಗೆ ಹೋಗಿ ಸಿಕ್ಕಿಕೊಂಡಿತು. ಕಣ್ಣಿಗೆ ಕಾಣುತ್ತಿತ್ತು, ಕೈಗೆ ಎಟುಕುತ್ತಿರಲಿಲ್ಲ. ಕೂಗಿದೆ. ಕಂಬದ ಗುಂಯ್‌ಗುಡುವಿಕೆಯಲ್ಲಿ ನನ್ನ ಕೂಗು ನನಗೇ ಸರಿಯಾಗಿ ಕೇಳಲಿಲ್ಲ. ಕಾಲಿನಿಂದ ರಕ್ತ ಜಾಲರಿಯೊಳಗೆ ತೊಟ್ಟಿಕ್ಕುತ್ತಿತ್ತು. ಆದರೂ ನಾನು ಅಷ್ಟು ಹೆದರಿರಲಿಲ್ಲ. ಬಿಲ್ಲೆ ಕರೆಯುತ್ತದೆ, ಉತ್ತರ ಸಿಗುವುದಿಲ್ಲ, ಜನ ಬರುತ್ತಾರೆ ಎಂದುಕೊಂಡು ಹಲ್ಲು ಕಚ್ಚಿ ಮಲಗಿದೆ, ಹುಸೇನಬಿಯ ಓ ಆ ನೋವಿನಲ್ಲಿ ನೆನಪಾಗಲೇ ಇಲ್ಲ.

ಬಿಲ್ಲೆ ಕರೆಯಿತು. ಫಕೀರವ್ವಾ ಎಂದಿತು. ಆ ಕಡೆಯಿಂದ ಹುಸೇನಬಿ ಓ ಎಂದಳು.

ಎಷ್ಟು ಅಕ್ಕರೆಯ ಓ ಅದು. ನನ್ನ ನಿದ್ದೆ ಕೆಡದಿರಲೆಂದು ಮೆಲ್ಲಗೆ ಅಂದಿದ್ದಳು. ಬಿಲ್ಲೆ ತೃಪ್ತಿಯಿಂದ ಸುಮ್ಮನಾಯಿತು. ತಪ್ಪಲಿನಲ್ಲಿ ಯಾರೋ ಫಕೀರವ್ವ ಕ್ಷೇಮ ಎಂದು ಗುರುತು ಹಾಕಿಕೊಂಡಿರಬೇಕು. ಮತ್ತೆ ಕರೆ ಬಂತು, ಮತ್ತೆ ಅವಳೇ ಓ ಎಂದಳು. ಅದರಾಚೆಯ ಕರೆಗೂ ಅವಳದೇ ಓ. ಬಾಯಿ ಒಣಗುತ್ತಿತ್ತು, ಕಾಲು ತಣ್ಣಗಾಗುತ್ತಿತ್ತು. ನನ್ನನ್ನು ಅಷ್ಟು ಪ್ರೀತಿಸುವವಳೇ ನಾನು ಚೆನ್ನಾಗಿದ್ದೇನೆಂದು ಲೋಕಕ್ಕೆ ಹೇಳುತ್ತಾ ಕೂತಿದ್ದಳು. ನನಗೆ ಸಾವಿನ ಭಯ ಹುಟ್ಟಿದ್ದು ಆಗ.

ನನ್ನನ್ನು ಉಳಿಸಿದ್ದು ಅವಳ ಸಿಟ್ಟು. ನಿಶ್ಚಯದ ಹೊತ್ತು ಮೀರುತ್ತಿತ್ತು, ನಾನು ಎದ್ದೆ ಎನ್ನಲೇ ಇಲ್ಲ. ಕೊನೆಗೆ ಅವಳ ತಾಳ್ಮೆ ಕಟ್ಟೊಡೆಯಿತು. ಬಿಲ್ಲೆಯಲ್ಲಿ ಅವಳ ದನಿ ಬಂತು.

“ಎಷ್ಟ ಮಲಗ್ತೀ ಫಕೀರಿ? ನನ್ನ ಪಾಳಿ ಬಂದಾಗನ ನಿನಗ ನಿದ್ದಿ ಜಾಸ್ತಿ ಬರ್ತೈತಿ. ಇನ್ನ ನೀನ ಓ ಅನ್ನು, ನಾ ಅನ್ನಂಗಿಲ್ಲ.”

ಮುಂದಿನ ಕರೆ ಬಂತು. ಅವಳು ಮಾತಾಡಲಿಲ್ಲ. ಬಿಲ್ಲೆ ಎರಡನೆಯ ಸಲ ಕರೆಯಿತು. ಗೆಳತಿಯ ಸಿಟ್ಟು ಇಳಿಯದಿರಲಿ ಎಂದು ಹುಟ್ಟಿದಾಗಿನಿಂದ ಮೊದಲ ಬಾರಿಗೆ ಬೇಡಿಕೊಂಡೆ. ಅವಳ ಸಿಟ್ಟು ಎಂಥದೆಂದು ನನಗೆ ಗೊತ್ತು, ಹಾಲಿನ ಉಕ್ಕಿನಂತೆ ಬಂದಷ್ಟೇ ಬೇಗ ಇಳಿದುಬಿಡುತ್ತದೆ. ಮೂರನೆಯ ಕರೆಗೆ ಆ ಕಡೆ ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು. ಓ ಎನ್ನಲೆಂದೇ ಎಳೆದ ಉಸಿರು. ಬೇಡವೇ, ಇನ್ನೊಂದಿಷ್ಟು ಹೊತ್ತು ಮುನಿಸಿಕೊಂಡಿರೇ ಎಂದು ನಾನಿಲ್ಲಿ ಅಳುತ್ತಿದ್ದೆ. ಅವಳು ಆ ಉಸಿರನ್ನು ಹಾಗೇ ಬಿಟ್ಟಳು. ತಪ್ಪಲಿನಲ್ಲಿ ಗಂಟೆ ಬಾರಿಸಿದರು.

ಜನ ಮಿರ್ಚಿಯ ಮಾತಾಡಿಕೊಂಡು ನಗುತ್ತಲೇ ಗುಡ್ಡ ಹತ್ತಿದರಂತೆ. ಕಂಬದ ಬಾಗಿಲು ತೆರೆದ ಮೇಲೆ ಯಾರೂ ನಗಲಿಲ್ಲ.

ಹುಸೇನಬಿ ನಿಶ್ಚಯಕ್ಕೆ ಹೋಗಲಿಲ್ಲ. ದವಾಖಾನೆಯಲ್ಲಿ ನನ್ನ ಕಾಲದೆಸೆಗೆ ಬಂದು ಕೂತಳು. ಆಮೇಲೆ, “ನನ್ನ ದನಿನ ನಿನ್ನ ಕೊಲ್ತಿತ್ತಲ್ಲ” ಎಂದಳು. ನೀರು ಕೊಡು ಎಂದೆ, ಕೊಟ್ಟಳು.

ಮುಯ್ಯಿ ಓ ಈಗ ಇಲ್ಲ. ಬಿಲ್ಲೆ ತಾನೇ ಕರೆಯುವುದೂ ಇಲ್ಲ. ಕರೆಮನೆಯಲ್ಲಿ ಕೂತ ಮನುಷ್ಯರು ಕರೆಯುತ್ತಾರೆ, ಓ ಎಂದರೆ ಸಾಲದು, ಬುತ್ತಿಗೆ ಏನು ತಂದಿದ್ದೀ ಎಂಬಂಥದ್ದೇನಾದರೂ ಒಂದು ಕೇಳುತ್ತಾರೆ. ಏಣಿ ಹತ್ತಲಾಗದ ನನಗೆ ಆ ಕೆಲಸ ಸಿಕ್ಕಿದೆ. ಇಡೀ ಗುಡ್ಡದ ಪಲ್ಯ ನನಗೆ ಬಾಯಿಪಾಠ.

ಹೋದ ವಾರ ಹುಸೇನಬಿಯನ್ನು ಕರೆದೆ. ಓಗೊಡಲಿಲ್ಲ. ಮೂರನೆಯ ಕರೆ ಮುಗಿಯುವಷ್ಟರಲ್ಲಿ ನನ್ನ ಕೈ ಗಂಟೆಯ ಹಗ್ಗದ ಮೇಲಿತ್ತು. ಗಂಟೆ ಬಾರಿಸಿದೆ, ಜನ ಓಡಿದರು. ಹಳ್ಳದಲ್ಲಿ ಮುಖ ತೊಳೆಯುವಾಗ ಬಿಲ್ಲೆ ಬಿಚ್ಚಿಟ್ಟು ಮರೆತಿದ್ದಳು, ಅಷ್ಟೇ. ಅಷ್ಟು ಜನರನ್ನು ಕಂಡು ನಾಚಿ, ಸುಮ್ಮನೆ ತ್ರಾಸು ಕೊಟ್ಟೆ, ತಪ್ಪಾಯಿತು ಎಂದು ಎಲ್ಲರಿಗೂ ಕೈಮುಗಿದಳಂತೆ. ಅದನ್ನು ಕೇಳಿ ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಈ ಪತ್ರ ಬರೆಯಲು ಕೂತದ್ದೂ ಆ ಸಿಟ್ಟಿನಲ್ಲೇ.

ನಿಮ್ಮಲ್ಲೂ ಇಂಥ ಬಿಲ್ಲೆಗಳಿವೆಯಂತೆ. ಒಂಟಿಯಾಗಿ ಕಾವಲು ಕಾಯುವವರ, ಮನೆಮನೆಗೆ ಹೋಗುವ ನರ್ಸಮ್ಮನವರ, ತಂತಿ ರಿಪೇರಿಗೆ ಕಂಬ ಹತ್ತುವವರ ಕೊರಳಿಗೆ ಅವನ್ನು ಹಾಕುತ್ತಾರಂತೆ. ಬೇರೆಯವರಿಗೆ ತೊಂದರೆ ಯಾಕೆ ಎಂದು ನೀವು ಕಷ್ಟದಲ್ಲೂ ಅವುಗಳ ಗುಂಡಿ ಒತ್ತಲು ಹಿಂಜರಿಯುತ್ತೀರಿ ಎಂದೂ ಓದಿದ್ದೇನೆ. ನನ್ನದೊಂದು ಕೋರಿಕೆ. ಗೆಳೆತನಕ್ಕೆ ಬೇಕಾದರೆ ಇನ್ನೇನನ್ನಾದರೂ ಮಾಡಿ, ಇನ್ನೊಬ್ಬರ ಬದಲಿಗೆ ಓ ಎನ್ನಬೇಡಿ. ಸುಳ್ಳು ಕರೆಗೆ ಜನ ಓಡಿ ಬಂದರೆ ಕೈಮುಗಿದು ತಪ್ಪಾಯಿತು ಎನ್ನಬೇಡಿ. ಅವರು ನಿಮ್ಮ ಹೆಣ ನೋಡಬೇಕಾದೀತೆಂದು ಎದೆ ಹಿಡಿದುಕೊಂಡು ಹತ್ತಿ ಬಂದಿರುತ್ತಾರೆ. ಎದುರಿಗೆ ನಿಂತು ಮುಖ ತೋರಿಸಿ, ಅಷ್ಟೇ ಸಾಕು.

ಇಂತಿ,
ಫಕೀರವ್ವ ಬಳಿಗಾರ
ಕರೆಯುವವಳು