ಒಳಮುಖದ ಮುಳ್ಳು

ಏಪ್ರಿಲ್ 13, ಬೆಳಿಗ್ಗೆ 7
ನಿನ್ನೆ, ಶನಿವಾರ, ಬಡಾವಣೆ ಸಂಘದವರು ಬೆಲ್ಲಿಯ ಕೊರಳಿಗೆ ಮುಳ್ಳುಪಟ್ಟಿ ಬಿಗಿದು ಗೇಟಿನ ಕಂಬಕ್ಕೆ ಕಟ್ಟಿದರು. ಯಾರನ್ನೂ ಕೇಳಲಿಲ್ಲ. ಹುಟ್ಟಿದಾಗಿನಿಂದ ಸರಪಳಿ ಕಾಣದ ನಾಯಿ. ಬೆಲ್ಲದ ಬಣ್ಣ ನೋಡಿ ಹೆಸರಿಟ್ಟವಳು ನಾನು. ಬೆಳಗಿನ ರೊಟ್ಟಿ ನನ್ನ ಮೆಟ್ಟಿಲ ಮೇಲೆ, ನಿದ್ದೆ ವಾಚ್‌ಮನ್ ಖಾಸಿಂ ಸಾಬರ ಕುರ್ಚಿಯ ಕೆಳಗೆ. ಇಂದೂ ರೊಟ್ಟಿ ಮಾಡಿದೆ. ಮೆಟ್ಟಿಲು ಖಾಲಿ.

ಸಂಜೆ
ಸಂಘದ ಅಧ್ಯಕ್ಷ ಹಂಪಣ್ಣನವರ ಮನೆಗೆ ಹೋದೆ. ರೈಸ್ ಮಿಲ್ಲಿನವರು. ಕೆಟ್ಟವರಲ್ಲ — ಕಷ್ಟ ಅದೇ.

"ಗುಡ್ಡದ ಕಡಿ ಚಿರ್ತಿ ಅಡ್ಡಾಡಾಕತ್ತದಂತ್ರೀ ಮೇಡಂ. ಮೊದ್ಲ ನಾಯಿ ಕುತ್ತಿಗಿಗೇ ಬಾಯಿ ಹಾಕ್ತದ. ದೇವದುರ್ಗದ ಕಡಿ ಕುರುಬರು ನಾಯಿಗಿ ಹಾಕಂಗಿಲ್ಲೇನ್ರಿ ಮುಳ್ಳಿನ ಪಟ್ಟಿ? ಅದೇ ಇದು. ಆನ್‌ಲೈನ್‌ನ್ಯಾಗ ತರಿಸೀನಿ. ಗುಡ್ಡದ ಕಡಿ ಹೋಗಬಾರ್ದಂತ ಕಟ್ಟಿಸೀನಿ."

"ಅದರ ಮುಳ್ಳು ಹೊರಗ ಇರ್ತಾವ್ರಿ. ಇದರವು ಒಳಗ ಅದಾವ."

"ಹೊರಗಿದ್ರ ಹುಡುಗ್ರಿಗಿ ಚುಚ್ಚಂಗಿಲ್ಲೇನು? ಅದಕ್ಕ ಕಂಪನಿಯವ್ರು ತಿದ್ದಿ ಮಾಡ್ಯಾರ." ನಕ್ಕರು. "ಬುಕ್ ಭಾಳ ಓದ್ತೀರಿ ನೀವು."

ಅದೇ ದೇವದುರ್ಗದ ಕಡೆಯ ಅರಕೇರಾದಲ್ಲಿ ಬೆಳೆದವಳು ನಾನು. ಕುರುಬರ ಪಟ್ಟಿಯ ಮೊಳೆ ತೋಳದ ಬಾಯಿಗೆ. ಈ ಪಟ್ಟಿಯ ಹಲ್ಲು ನಾಯಿಯ ಕೊರಳಿಗೆ. ಎರಡೂ ಒಂದೇ ಎಂದುಕೊಂಡಿದ್ದಾರೆ...

ಏಪ್ರಿಲ್ 14
ಜಯಂತಿಯ ಮೆರವಣಿಗೆಗೆ ಹೋಗಿ ಬಂದೆ. ಖಾಸಿಂ ಸಾಬರಿಂದ ಪಟ್ಟಿ ಬಿಚ್ಚಿಸಿ ತಂದು ನನ್ನ ತೋಳಿಗೇ ಸುತ್ತಿ ನೋಡಿದೆ. ಸಾಲು ಕಬ್ಬಿಣದ ಕೊಂಡಿಗಳು, ಒಂದೊಂದಕ್ಕೂ ಎರಡು ಮೊಂಡು ಹಲ್ಲು. ಸಡಿಲ ಇದ್ದಾಗ ಏನೂ ಇಲ್ಲ. ಎಳೆದರೆ ನಡುವಿನ ಸರಪಳಿ ಜಾರಿ ಇಡೀ ಬಳೆ ಕಿರಿದಾಗುತ್ತದೆ, ಸುತ್ತಲಿಂದಲೂ ಒಟ್ಟಿಗೇ ಚಿವುಟುತ್ತದೆ. ಬಿಟ್ಟರೆ ಸಡಿಲ. ನಾಯಿ ಎಳೆದರೆ ನೋವು, ನಿಂತರೆ ಇಲ್ಲ — ಕಲಿಸುವ ಪಾಠ ಇಷ್ಟೇ. ಹಗ್ಗ ಹಿಡಿದು ನಡೆಸುವಾಗ ಮಾತ್ರ ಹಾಕಿ, ಆಮೇಲೆ ಬಿಚ್ಚಿಡಿ ಎನ್ನುತ್ತಾರೆ ಬಳಸುವವರು. ಹಾಕುವುದೇ ಬೇಡ ಎನ್ನುವ ಪಶುವೈದ್ಯರೂ ಬಹಳ. ಇದರಿಂದ ನಾಯಿಯನ್ನು ಕಟ್ಟಿಹಾಕಬಾರದು ಎನ್ನುವುದರಲ್ಲಿ ಇಬ್ಬರಿಗೂ ಜಗಳವಿಲ್ಲ. ಎಳೆದ ಕೈ ಬಿಡುತ್ತದೆ. ಕಂಬ ಬಿಡುವುದಿಲ್ಲ.

ಹಂಪಣ್ಣನವರಿಗೆ ತೋಳಿನ ಕೆಂಪು ಗುರುತು ತೋರಿಸಿದೆ. "ಆತು ಬಿಡ್ರಿ, ಬಟ್ಟಿ ಪಟ್ಟಿ ಹಾಕಿಸ್ತೀನಿ. ಮಾತು ಕೊಟ್ಟೀನಿ" ಎಂದರು.

ಏಪ್ರಿಲ್ 17
ತಂಗಿ ಮೌನೇಶ್ವರಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಾಳೆ. ಅವಳ ಊರು ಚೀಕಲಪರ್ವಿಗೆ ಹೊರಟೆ. ಬೆಲ್ಲಿಯ ಕೊರಳಲ್ಲಿ ನೀಲಿ ಬಟ್ಟೆಯ ಪಟ್ಟಿ. ಆಟೋ ಹಿಂದೆ ಓಡಿ ಬರಲು ನೋಡಿದಳು, ಸರಪಳಿ ಬಿಡಲಿಲ್ಲ.

ಏಪ್ರಿಲ್ 26, ಚೀಕಲಪರ್ವಿ
ಖಾಸಿಂ ಸಾಬರಿಗೆ ಫೋನ್ ಮಾಡಿದೆ. "ಅದಾಳ್ರಿ ವಿಶಾಖಕ್ಕಾ... ಬೊಗಳೋದು ಕಮ್ಮಿ ಆಗೇದ. ಪ್ರೆಸಿಡೆಂಟ್ ಸಾಬ್ರು ಖುಷ್ ಅದಾರ."
ಯಾಕೆ ಕಮ್ಮಿ? ಕೇಳುವಷ್ಟರಲ್ಲಿ ಲೈನ್ ಹೋಯಿತು. ಮೌನೇಶ್ವರಿ ಕರೆದಳು.

ಮೇ 11, ರಾಯಚೂರು
ಗೇಟಿನ ಹತ್ತಿರ ವಾಸನೆ. ಬೆಲ್ಲಿ ಏಳಲಿಲ್ಲ. ಬಾಲ ಮಾತ್ರ ನೆಲಕ್ಕೆ ಬಡಿಯಿತು. ಕೊರಳಲ್ಲಿ ಅದೇ ಕಬ್ಬಿಣದ ಪಟ್ಟಿ. ನಾನು ಹೋದ ಮರುದಿನ ಚಿರತೆಯ ಸುದ್ದಿ ಮತ್ತೆ ಹಬ್ಬಿತಂತೆ. ಹಾಕಿದರಂತೆ. ಹಾಕಿದ್ದು ಹಾಕಿದಂತೆಯೇ ಇದೆ. ಕೂದಲು ಸರಿಸಿದೆ. ಹಲ್ಲುಗಳು ಮಾಂಸದೊಳಗೆ. ಹುಳು...

ಖಾಸಿಂ ಸಾಬರು ಅಳುತ್ತಿದ್ದರು. "ಬಿಚ್ಚಾಕ ಹೋದ್ರ ಚೀರ್ತಾಳಕ್ಕಾ, ಕಡ್ಯಾಕ ಬರ್ತಾಳ. ಸಾಬ್ರಿಗಿ ಹೇಳೀನಿ. 'ರೂಢಿ ಆಗ್ತದ ಬಿಡಲೇ' ಅಂದ್ರು."

ಡಾಕ್ಟರು ಬಂದು ಮಂಪರಿನ ಇಂಜೆಕ್ಷನ್ ಕೊಟ್ಟು ಪಟ್ಟಿ ಕತ್ತರಿಸಿದರು. ನಂಜು ರಕ್ತಕ್ಕೆ ಏರಿದೆ ಎಂದರು.

ಮೇ 12
ಬುದ್ಧ ಪೂರ್ಣಿಮೆ. ವಿಹಾರಕ್ಕೆ ಹೋಗಲಿಲ್ಲ. ಬೆಲ್ಲಿ ಖೀರು ಮೂಸಿ ನೋಡಿ ಮುಖ ತಿರುಗಿಸಿದಳು. ತಲೆ ನನ್ನ ತೊಡೆಯ ಮೇಲೆ. ಕೊರಳು ಮುಟ್ಟುವಂತಿರಲಿಲ್ಲ. ಮೂಗಿನ ಮೇಲೆ ಒಂದು ಬೆರಳು ಇಟ್ಟುಕೊಂಡು ಕೂತಿದ್ದೆ. ಉಸಿರು ತಾಗುತ್ತಿತ್ತು. ಆಮೇಲೆ ತಾಗಲಿಲ್ಲ.

ಮೇ 17
ಬಡಾವಣೆಯ ವಾಟ್ಸಾಪ್ ಗುಂಪನ್ನು ಇವತ್ತು ತೆರೆದೆ. ಅಧ್ಯಕ್ಷರ ಸಂದೇಶ: "ನಮ್ಮ ನೆಚ್ಚಿನ ಬೆಲ್ಲಿ ಅನಾರೋಗ್ಯದಿಂದ ನಿಧನ." ಕೆಳಗೆ ಸಾಲು ಸಾಲು ಮುಗಿದ ಕೈಗಳು. ದಿನಾ ಅವಳ ಪಕ್ಕದಲ್ಲೇ ಗಾಡಿ ಓಡಿಸಿಕೊಂಡು ಹೋದವರ ಕೈಗಳು.

ಸಂಜೆ ಹಂಪಣ್ಣನವರು ಬಂದರು. ಕಣ್ಣು ಕೆಂಪಗಿದ್ದವು. "ನನಗೂ ನಿದ್ದಿ ಇಲ್ರಿ ಮೇಡಂ. ನಾಳಿ ಮೀಟಿಂಗ್‌ನ್ಯಾಗ ಇದನ್ನ ತಗೀಬ್ಯಾಡ್ರಿ. ಇನ್ನೊಂದು ಮರಿ ತರಾಕ ಹೇಳೀನಿ. ಪಟ್ಟಿನೂ ಈ ಸಲ ದೊಡ್ಡ ಸೈಜಿಂದು ತರಿಸ್ತೀನಿ. ಅದು ಬಿಗಿ ಆಗಿತ್ತು ಅನಸ್ತದ."

ದೊಡ್ಡ ಸೈಜಿನದು! ಬಾಗಿಲು ಹಾಕಿಕೊಂಡೆ.

ಮೇ 18, ಭಾನುವಾರ, ಬೆಳಿಗ್ಗೆ 9
ಹತ್ತಕ್ಕೆ ಸಭೆ. ಅಲ್ಲಿ ಮಾತು ತಡವರಿಸಬಾರದು, ಬರೆದುಕೊಳ್ಳುತ್ತಿದ್ದೇನೆ.

ಅಧ್ಯಕ್ಷರೇ, ಅನಾರೋಗ್ಯ ಎಂದು ಬರೆದಿದ್ದೀರಿ. ಯಾವ ಅನಾರೋಗ್ಯ? ಎಲ್ಲಿಂದ ತರಿಸಿದಿರಿ? ಕೊಟ್ಟ ಮಾತು ನಾನು ಊರಲ್ಲಿ ಇರುವವರೆಗೆ ಮಾತ್ರವೇ? ಮರಿ ಬರುವ ಮುನ್ನ, ಕೈ ಮುಗಿದ ಇಷ್ಟೂ ಮಂದಿಯ ಎದುರು, ಹೇಳಿ. ನನ್ನ ಮನೆಗೆ ಬಂದು ಹೇಳುವುದು ಬೇಡ. ಇಲ್ಲಿ, ಈಗ, ಗಟ್ಟಿಯಾಗಿ — ಬೆಲ್ಲಿ ಯಾತರಿಂದ ಸತ್ತಳು?