ನಿಮ್ಮಪ್ಪ ಬಿಚ್ಚಿದ ಕುಲಾವಿ

ಬೆಟಗೇರಿ
ಶುಕ್ರವಾರ, ೫ ಡಿಸೆಂಬರ್ ೨೦೨೫

ಮಾಯಾ,

ನಿನ್ನವ್ವ ಬರೆಯುವ ಕಾಗದ. 'ಇತ್ತ ನಾವೆಲ್ಲ ಕ್ಷೇಮ' ಅಂತ ಮೊದಲು ಬರೆಯಬೇಕಂತೆ. ಬರೆಯುವುದಿಲ್ಲ. ಕ್ಷೇಮ ಇದ್ದಿದ್ದರೆ ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ನಾನು ಪೆನ್ನು ಹಿಡಿದು ಕೂರುತ್ತಿರಲಿಲ್ಲ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೆ ನಾನು ಒದರುತ್ತೇನೆ, ನೀನು ಇಟ್ಟುಬಿಡುತ್ತೀ. ಅದಕ್ಕೇ ಕಾಗದ. ಬಾಜೂ ಮನೆಯ ಅಲ್ಮಾಸಬಿಯ ಮಗ ನಯಾಜ ನಾಳೆ ಟೆಂಪೋ ತೆಗೆದುಕೊಂಡು ಮುಂಡರಗಿಗೆ ಬರುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಹರಿಯುವುದಾದರೆ ಓದಿದ ಮೇಲೆ ಹರಿ.

ನಿನ್ನ ಸಿಟ್ಟು ಖರೆ. ಕುಬಸ ಮಾಡಿ, ಚೊಚ್ಚಲ ಬಸುರಿ ಮಗಳನ್ನು ಹೆರಿಗೆಗೆ ಕರೆದುಕೊಂಡು ಬರಬೇಕಾದ ತಾಯಿ, ನಿನಗೆ ಹಸಿರು ಸೀರೆ ಉಡಿಸಿ, ತಂದ ಬುತ್ತಿ ಕೊಟ್ಟು, ಒಬ್ಬಳೇ ಸಂಜೆಯ ಬಸ್ಸು ಹತ್ತಿದೆ. ನಿಮ್ಮತ್ತೆ ಅಷ್ಟು ಮಂದಿಯೆದುರು, "ಯಾಕ್ರಿ ಬೀಗತಿ, ನಮ್ಮ ಸೊಸಿಗೆ ತವರಮನಿ ಇಲ್ಲೇನ್ರಿ?" ಅಂದರು. "ಮನಿಗೆ ಬಣ್ಣಾ ಹಚ್ಚಾಕ ಹತ್ತೀವ್ರಿ, ಆ ವಾಸನಿ ಬಸರಿಗೆ ಆಗಂಗಿಲ್ಲ" ಅಂದೆ. ಬಣ್ಣವೂ ಇಲ್ಲ, ಸುಣ್ಣವೂ ಇಲ್ಲ. ಕಾರಣ ನಿಮ್ಮಪ್ಪ.

ವಯಸ್ಸಾಯಿತು, ಸ್ವಲ್ಪ ಮರೆವು ಅಂತ ನಿನಗೆ ಹೇಳಿದ್ದೆ. ಸ್ವಲ್ಪ ಅಲ್ಲ. ಮಗ್ಗ ಮಾರಿ ಎಷ್ಟು ವರ್ಷವಾಯಿತು, ಈಗಲೂ ಬೆಳಗ್ಗೆ ಎದ್ದವರೇ ಮಗ್ಗ ಹುಡುಕುತ್ತಾರೆ. ನಮ್ಮ ಮನೆಯಲ್ಲಿ ಸಿಗದಿದ್ದರೆ ಕಂಡವರ ಮನೆಗೆ ನುಗ್ಗಿ ಹುಡುಕುತ್ತಾರೆ. ಒಮ್ಮೆ ಗದಗ ಸ್ಟೇಷನ್ನಿನ ಆಚೆ ಹೊರಟಿದ್ದವರನ್ನು ನಯಾಜ ಟೆಂಪೋದಲ್ಲಿ ಕೂರಿಸಿಕೊಂಡು ಬಂದ.

ನನ್ನ ಹೆಣಿಗೆ ನಿನಗೆ ಗೊತ್ತೇ ಇದೆ. ನೀನು ಹೊಟ್ಟೆಯಲ್ಲಿದ್ದಾಗ ಅಲ್ಮಾಸಬಿ ಎರಡು ಕಡ್ಡಿ, ಒಂದು ಉಂಡೆ ಉಲನ್ ಕೈಗೆ ಕೊಟ್ಟು, "ಸುಮ್ನ ಕುಂತ್ರ ಜಗಳಾ ತಗೀತಿ, ಇದನ್ನರ ಮಾಡು" ಅಂದಿದ್ದಳು. ಅಂದಿನಿಂದ ಬಿಟ್ಟಿಲ್ಲ. ನೀನು ಟೈಫಾಯ್ಡ್ ಬಂದು ಮಲಗಿದಾಗ ಹೆಣೆದೆ. ನಿನ್ನ ತಮ್ಮ ಹುಟ್ಟಿ ಉಳಿಯದೆ ಹೋದಾಗ, ಅವನಿಗೆಂದು ಹಿಡಿದಿದ್ದನ್ನು ಮುಗಿಸಿ ಯಾರದೋ ಕೂಸಿಗೆ ಕೊಟ್ಟೆ. ನಿನ್ನ ಮದುವೆಯ ಮಾತುಕತೆಯಲ್ಲೂ ಕೈ ನಿಲ್ಲಿಸಲಿಲ್ಲ; ಕನ್ಯೆ ನೋಡಲು ಬಂದ ಫಕೀರೇಶ ನಿನ್ನನ್ನು ಬಿಟ್ಟು ನನ್ನ ಕಡ್ಡಿಗಳನ್ನೇ ನೋಡುತ್ತ ಕೂತಿದ್ದ.

ಈ ಮಳೆಗಾಲದಲ್ಲಿ ಒಂದು ದಿನ, ಅಲ್ಮಾಸಬಿಯ ಮೊಮ್ಮಗಳ ತಲೆಗೆಂದು ಹೆಣೆದ ಕುಲಾವಿಯನ್ನು ಕಟ್ಟೆಯ ಮೇಲಿಟ್ಟು ಹಾಲು ಇಳಿಸಲು ಒಳಗೆ ಹೋದೆ. ಬಂದು ನೋಡಿದರೆ ಕುಲಾವಿಯೇ ಇಲ್ಲ. ನಿಮ್ಮಪ್ಪ ಎಳೆಯ ತುದಿ ಹಿಡಿದು ಪೂರ್ತಿ ಬಿಚ್ಚಿ, ಹೆಬ್ಬೆರಳಿಗೂ ಮೊಣಕೈಗೂ ಲಡಿ ಸುತ್ತಿಕೊಂಡು ಕೂತಿದ್ದಾರೆ. ಎಲ್ಲಿಯೂ ಒಂದು ಗಂಟಿಲ್ಲ.

"ಯಾರ ಈ ನೂಲ ಹಿಂಗ ಸಿಕ್ಕ ಮಾಡಿದವರು? ನಾ ಬಿಡಿಸೇನಿ ನೋಡ" ಅಂದರು.

"ನಿಮ್ಮ ಕೈ ಸೇದಿ ಹೋಗ್ಲಿ!" ಅಂತ ಬೈದೆ. ಅವರು ನಕ್ಕರು.

ಜನ್ಮವೆಲ್ಲ ನೇಯ್ದ ಕೈ. ಹೆಣಿಗೆ ಅಂದರೆ ಏನು ಅನ್ನುವುದೇ ಅವರಿಗೆ ಮರೆತುಹೋಗಿದೆ. ಹೆಣೆದದ್ದು ಈಗ ಅವರ ಕಣ್ಣಿಗೆ ಸಿಕ್ಕುಬಿದ್ದ ನೂಲು, ಅಷ್ಟೇ. ಸಿಕ್ಕು ಕಂಡ ನೇಕಾರ ಸುಮ್ಮನಿರುತ್ತಾನೆಯೇ?

ಆಮೇಲೆ ನನಗೆ ತಿಳಿಯಿತು, ಕೈಯಲ್ಲಿ ಬಿಡಿಸಲು ನೂಲಿದ್ದರೆ ಕೂತಿರುತ್ತಾರೆ, ಮುಗಿದರೆ ಎದ್ದು ಬಾಗಿಲು ದಾಟುತ್ತಾರೆ. ಈಗ ನಾನು ಹೆಣೆಯುವುದು ಯಾರಾದರೂ ಹಾಕಿಕೊಳ್ಳಲಿ ಅಂತ ಅಲ್ಲ, ಅವರು ಬಿಚ್ಚಲಿ ಅಂತ. ಒಲೆಯ ಮುಂದೆ ಹೆಣೆಯುತ್ತೇನೆ, ನಲ್ಲಿಯ ಪಾಳಿಯಲ್ಲಿ ನಿಂತು ಹೆಣೆಯುತ್ತೇನೆ. ಅವರು ಬಿಚ್ಚುವಷ್ಟು ಜಲ್ದಿ ನನಗೆ ಹೆಣೆಯಲು ಬರುವುದಿಲ್ಲ. ಸಿಟ್ಟು ನೆತ್ತಿಗೇರಿ ಒಂದೊಂದು ಸಲ ಕಡ್ಡಿಗಳನ್ನು ಗೋಡೆಗೆ ಒಗೆಯುತ್ತೇನೆ. ಆಮೇಲೆ ಮಂಚದ ಕೆಳಗೆ ತೂರಿ ನಾನೇ ಹುಡುಕಬೇಕು.

ಇಷ್ಟಕ್ಕೇ ನಿನ್ನನ್ನು ಬಿಟ್ಟು ಬಂದೆ ಅಂದುಕೊಳ್ಳಬೇಡ. ಕುಬಸದ ಹಿಂದಿನ ವಾರ ಅಲ್ಮಾಸಬಿಯ ಮೊಮ್ಮಗಳು ಸ್ವೆಟರ್ ಹಾಕಿಕೊಂಡು ನಮ್ಮ ಕಟ್ಟೆಯ ಮೇಲೆ ಆಡುತ್ತಿದ್ದಳು. ತೋಳಿನ ಎಳೆಯೊಂದು ಬಿಟ್ಟಿತ್ತು. ನಿಮ್ಮಪ್ಪ ಅದನ್ನು ಹಿಡಿದು ಎಳೆಯತೊಡಗಿದರು. ಕೂಸು ಚೀರಿದರೂ ಬಿಡಲಿಲ್ಲ. "ಸಿಕ್ಕೈತಿ, ಸಿಕ್ಕೈತಿ" ಅನ್ನುತ್ತಲೇ ಇದ್ದರು. ಎಳೆ ಬಿಗಿದು ಅದರ ಮುಂಗೈ ಮೇಲೆ ಕೆಂಪಗೆ ಬರೆ ಎದ್ದಿತು. ಕತ್ತರಿ ತಂದು ಕತ್ತರಿಸಿದೆ. ನಿನ್ನ ಕೂಸನ್ನು ಈ ಮನೆಯ ತೊಟ್ಟಿಲಿಗೆ ಹಾಕುವುದಿಲ್ಲ ಅಂತ ಆ ಗಳಿಗೆಯಲ್ಲೇ ಗಟ್ಟಿ ಮಾಡಿಕೊಂಡೆ.

ನಿನ್ನೆ ಇದನ್ನು ಅಲ್ಮಾಸಬಿಗೆ ಹೇಳಿದೆ. ನನ್ನನ್ನು ಹೊಡೆಯುವುದೊಂದು ಬಾಕಿ.

"ಏ ಹುಚ್ಚಿ, ನನ್ನ ಮೊಮ್ಮಗಳು ಅವತ್ತ ಸಂಜಿಗೇ ಮತ್ತ ಬಂದು ನಿನ್ನ ಕಟ್ಟಿ ಮ್ಯಾಲೆ ಕುಂತಿತ್ತು. ಅದಕ್ಕಿಲ್ಲದ ಅಂಜಿಕಿ ನಿನಗ್ಯಾಕ?"

"ನಾಳೆ ಹಸಿಗೂಸಿಗೆ ಏನರ ಆದ್ರ ನೀ ಬರ್ತೀಯೇನ?"

"ಬರ್ತೀನಿ. ದಿನಾ ಬಂದು ಕುಂಡ್ರತೀನಿ. ಕೂಸಿಗೆ ಉಲನ್ ಹಾಕಬ್ಯಾಡ, ಮುಗೀತು. ನಿಮ್ಮ ಯಜಮಾನ್ರು ಯಂಕಪ್ಪಣ್ಣಾರು ನೇಯ್ದ ಅರಿವ್ಯಾಗಿನ ಎಳಿ ಎಂದರ ಕಿತ್ತಾರೇನ?"

ಹೌದು, ನೇಯ್ದದ್ದನ್ನು ಅವರು ಬಿಚ್ಚುವುದಿಲ್ಲ. ಸೀರೆ ಕಂಡರೆ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, ಮಡಚಿ ಇಡುತ್ತಾರೆ. ನಿನ್ನಜ್ಜಿ ಉಟ್ಟು ಉಟ್ಟು ಮೆತ್ತಗಾದ ನೂಲಿನ ಸೀರೆಗಳು ಟ್ರಂಕಿನಲ್ಲಿದ್ದವು, ಎಲ್ಲ ನಿಮ್ಮಪ್ಪನೇ ನೇಯ್ದವು. ಇವತ್ತು ಹರಿದು, ಒಗೆದು ಒಣಹಾಕಿದ್ದೇನೆ. ನಿನ್ನ ಕೂಸಿಗೆ ಅದೇ ಹಾಸಿಗೆ, ಅದೇ ಹೊದಿಕೆ. ಓಣಿಯ ಕೂಸುಗಳಿಗೆಲ್ಲ ಹೆಣೆದ ನಾನು ನನ್ನ ಮೊಮ್ಮಗುವಿಗೆ ಒಂದು ಟೊಪ್ಪಿಗೆಯನ್ನೂ ಹೆಣೆಯುವುದಿಲ್ಲ. ಹೊಟ್ಟೆ ಉರಿಯುತ್ತದೆ. ಉರಿಯಲಿ.

ಆದ್ದರಿಂದ ಬಾ. ಒಂದು ಮಾತು ಮೊದಲೇ ಹೇಳುತ್ತೇನೆ, ಗಟ್ಟಿಯಾಗು. ನಿಮ್ಮಪ್ಪ ನಿನ್ನ ಗುರುತು ಹಿಡಿಯುವುದಿಲ್ಲ. ದೀಪಾವಳಿಗೆ ನೀನು ಫೋನಿನಲ್ಲಿ ಮುಖ ತೋರಿಸಿದಾಗ "ಯಾರ ಮಗಳ ಈಕಿ?" ಅಂದರು. ಅದು ನಿನಗೆ ಕೇಳಬಾರದೆಂದೇ ನಾನು ಫೋನು ಕಸಿದುಕೊಂಡು ಚಾರ್ಜ್ ಇಲ್ಲ ಅಂದದ್ದು. ಬಂದು ಅವರೆದುರು ಅಳುತ್ತ ಕೂರಬೇಡ. ನನ್ನ ಗುರುತು ಇದೆ, ನನ್ನ ಮಾತು ಕೇಳುತ್ತಾರೆ, ನಾನು ನೋಡಿಕೊಳ್ಳುತ್ತೇನೆ.

ನಿಮ್ಮತ್ತೆಗೆ ಖರೆ ಸಂಗತಿ ಹೇಳು. ಬೈದರೆ ನನ್ನನ್ನು ಬೈಯಲಿ, ನನಗೂ ಬಾಯಿದೆ. ಫಕೀರೇಶ ಕಾರು ಮೆಲ್ಲಗೆ ನಡೆಸಲಿ.

ಬೈದರೂ ನಿನ್ನವಳೇ ಆದ,
ಅವ್ವ
(ಮಂಜವ್ವ)

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಗೀಟು ಹೊಡೆದರೆ ಕಾಗದ ಹೊಲಸಾಗುತ್ತದೆ ಅಂತ ಹಾಗೇ ಬಿಟ್ಟೆ. ನನ್ನ ಗುರುತೂ ಅವರಿಗಿಲ್ಲ. ದಸರೆಯಿಂದ ನನ್ನನ್ನು ಅಕ್ಕಾರ ಅನ್ನುತ್ತಾರೆ. "ಅಕ್ಕಾರ, ನಮ್ಮ ಮಂಜಿ ಎಲ್ಲಿ ಹೋಗ್ಯಾಳ್ರಿ? ಇನ್ನೂ ಬರವಲ್ಲಳಲ್ಲ" ಅಂತ ಬಾಗಿಲು ನೋಡುತ್ತಾರೆ. "ಮಗಳನ್ನ ಹಡಿಯಾಕ ಕರಕೊಂಡ ಬರಾಕ ಮುಂಡರಗಿಗೆ ಹೋಗ್ಯಾಳ್ರಿ" ಅಂತ ಹೇಳಿಟ್ಟಿದ್ದೇನೆ. ನೀವು ಬರುವ ದಿನ ಕಾರನ್ನು ಓಣಿಯ ಆಚೆಗೇ ನಿಲ್ಲಿಸಿರಿ. ನಾನು ಅಲ್ಲಿಗೆ ಬಂದಿರುತ್ತೇನೆ. ನಿನ್ನ ಚೀಲ ನನ್ನ ಕೈಗೆ ಕೊಡು. ಇಬ್ಬರೂ ಕೂಡಿ ಮನೆಯೊಳಗೆ ಹೋಗೋಣ.